ಕೆಮ್ಮಿನ ಸಮೇತ ಒಂದು ಕಾಪಿ

ತೊಂಬತ್ತರ ದಶಕದಲ್ಲಿ ನಾಗಮಂಗಲದ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಕಳ್ಳತನದ ಅಂಗಡಿ ಇತ್ತು. ಕಳ್ಳತನ ಅಂತ ಆಗ ನನಗೆ ಗೊತ್ತಿರಲಿಲ್ಲ. ‘ಇಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಮಾಡಿಕೊಡಲಾಗುವುದು’ ಎಂದು ರಾಜಾರೋಷವಾಗಿ ಬೋರ್ಡು ಬರೆಸಿದ್ದೆ. ಜನ ಖಾಲಿ ಕ್ಯಾಸೆಟ್ಟನ್ನೂ ಬೇಕಾದ ಹಾಡಿನ ಪಟ್ಟಿಯನ್ನೂ ಕೊಟ್ಟು ಸಂತೆಗೆ ಹೋಗುತ್ತಿದ್ದರು, ವಾಪಸ್ ಹೋಗುವಾಗ ತುಂಬಿದ ಕ್ಯಾಸೆಟ್ ಒಯ್ಯುತ್ತಿದ್ದರು. ಪೊಲೀಸರೂ ಪಟ್ಟಿ ಕಳಿಸುತ್ತಿದ್ದರು. ಅವರ ಪಟ್ಟಿ ಸ್ವಲ್ಪ ಉದ್ದವಿರುತ್ತಿತ್ತು.

ಒಂದು ದಿನ ಬಿಂಡಿಗನವಿಲೆಯಿಂದ ನನ್ನ ಚಿಕ್ಕವ್ವ ಸೆರಗಿನಲ್ಲಿ ಒಂದು ಕ್ಯಾಸೆಟ್ ಸುತ್ತಿಕೊಂಡು ಬಂದಳು. ಚಿಕ್ಕವ್ವ ಮತ್ತು ಅವಳ ವಾರಗಿತ್ತಿ ಸುತ್ತಲ ಹಳ್ಳಿಗಳಲ್ಲಿ ಸೋಬಾನೆಗೆ ಹೆಸರಾದವರು. ಚಿಕ್ಕವ್ವ ಸಾಲು ಎತ್ತಿದರೆ ವಾರಗಿತ್ತಿ ಅದನ್ನು ಹಿಡಿದು ಮುಂದಕ್ಕೆ ಒಯ್ಯಬೇಕು. ಬೆಂಗಳೂರಿನ ಕಂಪನಿಯೊಂದು ಇಬ್ಬರನ್ನೂ ಕರೆಸಿ, ಹಾಡಿಸಿ, ತಲಾ ಒಂದು ಸೀರೆ, ಬಸ್ ಚಾರ್ಜು ಕೊಟ್ಟು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿ, ಆಮೇಲೆ ಇಬ್ಬರಿಗೂ ಸೇರಿ ಒಂದು ಕ್ಯಾಸೆಟ್ ಕೊಟ್ಟಿತ್ತು. ಕವರಿನ ಮೇಲೆ ಯಾವಳೋ ನಗುಮೊಗದ ಹುಡುಗಿಯ ಚಿತ್ರ. ಇವರ ಹೆಸರು ಎಲ್ಲೂ ಇಲ್ಲ. ಮೂರನೇ ಹಾಡಿನ ನಡುವೆ ವಾರಗಿತ್ತಿ ಒಮ್ಮೆ ಕೆಮ್ಮಿದ್ದಳು. ಅದನ್ನು ತೆಗೆಯುವ ಖರ್ಚಿಗೂ ಕಂಪನಿ ಹೋಗಿರಲಿಲ್ಲ.

ಆ ವಾರಗಿತ್ತಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಈಗ ಅವಳ ಮಗಳ ಮದುವೆ. ಅರಿಶಿನ ಹಚ್ಚುವಾಗ ಹೆತ್ತವಳ ಹಾಡು ಕೇಳಿಸಬೇಕೆಂದು ಚಿಕ್ಕವ್ವನ ಹಟ, ಆ ದನಿ ಉಳಿದಿದ್ದು ಈ ಕ್ಯಾಸೆಟ್ಟಿನಲ್ಲಿ ಮಾತ್ರ. ಮಗಳು ವರ್ಷವಿಡೀ ಹಾಕಿ ಹಾಕಿ ಟೇಪು ಸವೆದಿತ್ತು. ಎರಡು ಸಲ ಸಿಕ್ಕಿಕೊಂಡು, ಪೆನ್ಸಿಲ್ ತೂರಿಸಿ ಸುತ್ತಿ ಸರಿಮಾಡಿದ್ದೂ ಆಗಿತ್ತು.

“ಅರಿಶಿನದ ದಿನ ಇದು ಕಿತ್ಕಂಡ್ರೆ ಆ ಮಗೀನ ಮೊಕ ಎಂಗ್ಲಾ ನೋಡ್ಲಿ? ಇನ್ನೊಂದು ಮಾಡ್ಕೊಡು ಮಗ,” ಅಂದಳು.

ಹೊಸದು ಕೊಳ್ಳೋಣವೆಂದರೆ ಕಂಪನಿ ಅದನ್ನು ಮಾರುವುದನ್ನೇ ನಿಲ್ಲಿಸಿತ್ತು. ಚಿಕ್ಕವ್ವನಿಗೆ ವಡೆ, ಟೀ ತರಿಸಿಕೊಟ್ಟು, ಹಳೆಯದನ್ನು ಒಂದು ಕಡೆ, ಖಾಲಿಯದನ್ನು ಇನ್ನೊಂದು ಕಡೆ ಹಾಕಿ ಡೆಕ್ಕಿನ ಗುಂಡಿ ಒತ್ತಿದೆ. ಎರಡನೇ ಹಾಡು ನಡೆಯುತ್ತಿರುವಾಗ ಜೀಪು ಬಂತು.

ಪೊಲೀಸರ ಜೊತೆ ಅದೇ ಕಂಪನಿಯವನೊಬ್ಬ ಇಳಿದ. “ದುಡ್ಡು ಕೊಟ್ಟು ತಗೊಂಡ ಕ್ಯಾಸೆಟ್ ನಿಮ್ಮದು, ಅದರೊಳಗಿನ ಹಾಡು ನಮ್ಮದು. ಕಾಪಿ ಮಾಡೋದು ಅಪರಾಧ,” ಅಂದ. ಎಮ್ಮೆ ಕೊಂಡವನದು, ಹಾಲು ಮಾರಿದವನದು ಅನ್ನುವ ಈ ನ್ಯಾಯ ನನ್ನ ತಲೆಗೆ ಇಳಿಯಲಿಲ್ಲ. ಆಮೇಲೆ ಅವನು ದನಿ ಮೆತ್ತಗೆ ಮಾಡಿಕೊಂಡು, “ಬಡ ಕಲಾವಿದರ ಹೊಟ್ಟೆ ಮೇಲೆ ಹೊಡೀತಿದೀರಿ ಕಣ್ರೀ,” ಅಂದ. ಬಡ ಕಲಾವಿದೆ ಅವನೆದುರಿನ ಸ್ಟೂಲಿನ ಮೇಲೆ ಕೂತು ವಡೆ ತಿನ್ನುತ್ತಿದ್ದಳು.

“ಅದು ನನ್ ಗಂಟ್ಲು ಕಣಪ್ಪ,” ಅಂದಳು ಚಿಕ್ಕವ್ವ.

ಅವನು ಕವರಿನ ಹುಡುಗಿಯನ್ನು ನೋಡಿದ, ಚಿಕ್ಕವ್ವನನ್ನು ನೋಡಿದ, ನಂಬಲಿಲ್ಲ. ಅವಳು ಓಡುತ್ತಿದ್ದ ಟೇಪಿನ ಜೊತೆಗೇ ಒಂದು ಸಾಲು ಹಾಡಿದಳು. ಪೇದೆಯೊಬ್ಬ ತಲೆದೂಗಿದ. ಕಂಪನಿಯವನು ಮಾತ್ರ ಜಗ್ಗಲಿಲ್ಲ.

“ಹೆಬ್ಬೆಟ್ಟು ಒತ್ತಿದೀರಲ್ಲಮ್ಮ, ಹಕ್ಕೆಲ್ಲ ಕಂಪನಿಗೆ ಬಂತು.”

“ಅಂಗಾರೆ ಮದ್ವೆ ಮನೇಲಿ ಸೋಬಾನೆ ಹೇಳೋಕೂ ನಿಮ್ಮನ್ನ ಕೇಳ್ಬೇಕಾ?”

ಅವನು ನಿಜವಾಗಿಯೂ ಯೋಚಿಸಿದ. “ಬಾಯಲ್ಲಿ ಹಾಡ್ಕೊಳ್ಳಿ, ಪರವಾಗಿಲ್ಲ,” ಅಂದ. ಅವಳ ಅವ್ವ, ಅಜ್ಜಿಯರು ಅನುಮತಿ ಇಲ್ಲದೆ ಹಾಡಿಕೊಂಡು ಬಂದಿದ್ದಕ್ಕೆ ಕೊನೆಗೂ ಅನುಮತಿ ಸಿಕ್ಕಿತು. ಎಂಥ ದೊಡ್ಡ ಮನಸ್ಸು.

ಡೆಕ್ಕು, ಅದರೊಳಗಿದ್ದ ಎರಡೂ ಕ್ಯಾಸೆಟ್ಟು ಜೀಪು ಹತ್ತಿದವು. ಹಳೆಯದೊಂದನ್ನಾದರೂ ಬಿಡಿ ಎಂದು ಕೈಮುಗಿದೆ. ಅದು ಸಾಕ್ಷಿಯಂತೆ. “ಬುಡ್ಲಾ ಮಗ, ನೀನೇನ್ ಮಾಡೀಯೆ,” ಎಂದು ಚಿಕ್ಕವ್ವ ಖಾಲಿ ಸೆರಗು ಸರಿಮಾಡಿಕೊಂಡು ಬಸ್ಸು ಹತ್ತಿದಳು. ಇನ್ನೊಂದು ಮಾಡಿಕೊಡುತ್ತೇನೆಂದು ಇದ್ದದ್ದನ್ನೂ ಕಳೆದಿದ್ದೆ.

ಅರಿಶಿನದ ದಿನ ಮುಖ ತೋರಿಸಲು ನಾಚಿಕೆಯಾಗಿ ಚಪ್ಪರದ ಕಂಬದ ಹಿಂದೆ ನಿಂತಿದ್ದೆ. ಮೊದಲೆರಡು ಹಾಡು ಚಿಕ್ಕವ್ವ ಒಬ್ಬಳೇ ಹೇಗೋ ದಾಟಿಸಿದಳು. ಮೂರನೆಯದರ ಮೊದಲ ಸಾಲು ಎತ್ತಿ, ಹಳೆಯ ಅಭ್ಯಾಸದಿಂದ ವಾರಗಿತ್ತಿಗೆಂದು ನಿಲ್ಲಿಸಿದಳು. ಆ ಸಾಲು ಹಿಡಿಯಲು ಯಾವ ಹೆಂಗಸಿಗೂ ಬಾಯಿ ಬರಲಿಲ್ಲ.

ಹಿಡಿದವಳು ಮದುಮಗಳು. ತನ್ನ ಅರಿಶಿನಕ್ಕೆ ತಾನೇ ಹಾಡುವ ಪದ್ಧತಿ ನಮ್ಮಲ್ಲಿಲ್ಲ; ಅರಿಶಿನ ಹಚ್ಚುತ್ತಿದ್ದ ಕೈಗಳು ನಿಂತವು. ಅವಳು ತಲೆ ತಗ್ಗಿಸಿಕೊಂಡೇ ಹಾಡುತ್ತಿದ್ದಳು. ಅದೇ ದನಿ, ಸಾಲಿನ ಕೊನೆಯಲ್ಲಿ ಅದೇ ಎಳೆತ. ನಡುವೆ ಒಂದು ಕಡೆ ನಿಂತು, ಮೆಲ್ಲಗೆ ಕೆಮ್ಮಿ, ಮುಂದುವರಿಸಿದಳು. ಅವ್ವ ಕೆಮ್ಮಿದ ಜಾಗವದು.

ಚಿಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಕಣ್ಣೊರೆಸಿಕೊಂಡು ಬೀದಿಯ ಕಡೆ ನೋಡಿದೆ, ಎಲ್ಲಾದರೂ ಜೀಪು ನಿಂತಿದೆಯೇ ಎಂದು.