ಹೊಸ್ತಿಲಾಚೆ ಉಳಿದ ಶೂ

ಮೊದಲು ನೋಡಿದ್ದು ನಾನಲ್ಲ, ನಮ್ಮತ್ತೆ.

ಭಾನುವಾರ ಬೆಳಿಗ್ಗೆ ಹದಿನಾರು ಕಿಲೋಮೀಟರ್ ಓಡಿ ಬಂದಿದ್ದೆ. ಬಾಗಿಲಾಚೆ ಶೂ ಬಿಚ್ಚಿಟ್ಟೆ. ಕಪ್ಪು ಸಾಕ್ಸ್ ತೆಗೆದು ಬಕೆಟ್ಟಿಗೆ ಹಾಕಿದೆ. ಒಳಗೆ ಬಂದು ಕಾಫಿಗೆ ಹಾಲಿಟ್ಟೆ. ಮೈ ಹಗುರವಾಗಿತ್ತು.

"ಶೋಭಾ, ಇದೇನೇ ನೆಲದ ಮೇಲೆ? ಕುಂಕುಮ ಚೆಲ್ಲಿದ್ಯಾ?"

ತಿರುಗಿ ನೋಡಿದೆ. ಬಾಗಿಲಿನಿಂದ ಒಲೆಯವರೆಗೆ, ಬಿಳಿ ಟೈಲ್ಸ್ ಮೇಲೆ, ಸಾಲಾಗಿ ಕೆಂಪು ಗುರುತು. ನನ್ನ ಬಲಗಾಲಿನದು. ಎರಡನೇ ಬೆರಳಿನ ತುದಿಯ ಚರ್ಮ ಕಿತ್ತುಬಂದು ರಕ್ತ ಒಸರುತ್ತಿತ್ತು.

ನೋವೇ ಇರಲಿಲ್ಲ.

ಅದಕ್ಕೆ ನಾನು ಹೆದರಬೇಕಿತ್ತು. ಹೆದರಲಿಲ್ಲ, ಹೆಮ್ಮೆಪಟ್ಟೆ. ಎರಡು ವರ್ಷ ಓಡಿದ್ದಕ್ಕೆ ನೋವು ತಡೆಯುವ ಶಕ್ತಿ ಬಂದಿದೆ ಅಂದುಕೊಂಡೆ. ಅರಿಶಿನಕ್ಕೆ ಕೊಬ್ಬರಿ ಎಣ್ಣೆ ಕಲಸಿ ಹಚ್ಚಿ, ಮೇಲೊಂದು ಬ್ಯಾಂಡೇಜ್ ಸುತ್ತಿ, ದೋಸೆ ಹುಯ್ಯಲು ನಿಂತೆ.

ನನಗೀಗ ನಲವತ್ತೇಳು. ನಮ್ಮ ಮನೆ ಉತ್ತರಹಳ್ಳಿಯಲ್ಲಿ. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ನಮ್ಮ ಮನೆ, ಕೆಳಗೆ ನಮ್ಮೆಜಮಾನರ ಪೇಂಟ್ ಅಂಗಡಿ. ಮಗಳು ಸಿಂಧು ಕಾಲೇಜು ಸೇರಿದ ಮೇಲೆ ನನಗೆ ಬೆಳಗಿನ ಹೊತ್ತು ಖಾಲಿಯಾಯಿತು. ಜೆ.ಪಿ. ನಗರದ ಪಾರ್ಕಿನಲ್ಲಿ ಸೇರುವ ಒಂದು ಓಟದ ಗುಂಪಿಗೆ ಹೋಗತೊಡಗಿದೆ. ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟಿದ್ದೆ. ಅದು ಅರ್ಧ ಮ್ಯಾರಥಾನ್. ನಾನು ಎಲ್ಲರ ಹತ್ತಿರ ಮ್ಯಾರಥಾನ್ ಎಂದೇ ಹೇಳಿಕೊಂಡು ಓಡಾಡುತ್ತಿದ್ದೆ.

ಓಟಕ್ಕೆ ಇನ್ನು ನಾಲ್ಕೇ ವಾರವಿತ್ತು. ಹಳೇ ಶೂ ಸವೆದಿತ್ತು, ಹೊಸದು ಕೊಂಡಿದ್ದೆ. ನಮಗೆ ಓಟ ಕಲಿಸುವ ಪ್ರಕಾಶ್ ಸಾರ್ ಒಂದೇ ಮಾತನ್ನು ಹತ್ತು ಸಲ ಹೇಳುವವರು.

"ಹೊಸ ಶೂ ಹಾಕ್ಕೊಂಡು ಸೀದಾ ರೋಡಿಗೆ ಇಳೀಬೇಡಿ ಮೇಡಂ. ಮೊದಲು ಒಂದು ವಾರ ಮನೆ ಒಳಗೆ ಹಾಕ್ಕೊಂಡು ಓಡಾಡಿ. ಆಮೇಲೆ ಎರಡು ಕಿಲೋಮೀಟರ್, ಮೂರು ಕಿಲೋಮೀಟರ್. ದಿನಾ ಬಿಚ್ಚಿದ ಮೇಲೆ ಕಾಲು ನೋಡ್ಕೊಳಿ."

ಮನೆಯೊಳಗೆ ಶೂ! ನಮ್ಮತ್ತೆಯ ಮನೆಯೊಳಗೆ!

ಎಪ್ಪತ್ತಾರು ವರ್ಷದ ಜಯಮ್ಮನವರು ನಲ್ಲಿ ರಿಪೇರಿಗೆ ಬಂದವನನ್ನೂ ಬೂಟು ಬಿಚ್ಚಿಸಿ, ಕಾಲು ತೊಳೆಸಿ ಒಳಗೆ ಬಿಟ್ಟವರು. ಚಪ್ಪಲಿ ಹೊಸ್ತಿಲು ದಾಟಿದರೆ ಲಕ್ಷ್ಮಿ ಆಚೆ ಹೋಗುತ್ತಾಳೆ ಎನ್ನುವುದು ಅವರಿಗೆ ನಂಬಿಕೆಯಲ್ಲ, ಕಣ್ಣಾರೆ ಕಂಡ ಸತ್ಯ. ಟೆರೇಸ್ ಮೇಲೆ ಓಡಾಡೋಣವೆಂದರೆ ಅಲ್ಲಿ ಅವರ ಸಂಡಿಗೆ ಒಣಗುತ್ತಿತ್ತು. ಸಿಂಧು ಹತ್ತಿರ ಹೇಳಿಕೊಂಡೆ, ಅತ್ತೆಯನ್ನು ಕೇಳುವ ಧೈರ್ಯವೇ ಬರಲಿಲ್ಲ. ಶೂ ಡಬ್ಬಿಯಲ್ಲೇ ಬಾಗಿಲಾಚೆಯ ಸ್ಟ್ಯಾಂಡಿನಲ್ಲಿ ಎರಡು ವಾರ ಕೂತಿತ್ತು. ಆ ಭಾನುವಾರ ಪ್ರಕಾಶ್ ಸಾರ್ ನನ್ನ ಕಾಲಲ್ಲಿ ಹೊಸ ಶೂ ನೋಡಿ, "ಮನೇಲಿ ಹಾಕಿ ಅಭ್ಯಾಸ ಮಾಡ್ಕೊಂಡ್ರಾ?" ಅಂತ ಕೇಳಿದರು.

"ಹೂಂ ಸಾರ್, ಮಾಡ್ಕೊಂಡಿದೀನಿ" ಅಂದೆ. ಸುಳ್ಳು.

ಬುಧವಾರ ಮತ್ತೆ ಅದೇ ಶೂ ಹಾಕಿ ಎಂಟು ಕಿಲೋಮೀಟರ್ ಓಡಿದೆ. ಶುಕ್ರವಾರ ಸೋಫಾದಲ್ಲಿ ಪಕ್ಕದಲ್ಲಿ ಕೂತಿದ್ದ ಸಿಂಧು ಮೂಗು ಮುಚ್ಚಿಕೊಂಡಳು.

"ಅಮ್ಮಾ, ಏನೋ ಕೊಳೆತಿರೋ ವಾಸ್ನೆ."

ನನ್ನ ಬೆರಳಿನದು.

ಬ್ಯಾಂಡೇಜ್ ಬಿಚ್ಚಿದರೆ ತುದಿ ನೇರಳೆ ಹಣ್ಣಿನ ಬಣ್ಣ. ಬುಡ ಊದಿ ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು. ನಮ್ಮೆಜಮಾನರು ಶಟರ್ ಎಳೆದು ಕಾರು ತೆಗೆದರು. ಅತ್ತೆ ಯಾರೂ ಕರೆಯದಿದ್ದರೂ ಹಿಂದಿನ ಸೀಟಿನಲ್ಲಿ ಬಂದು ಕೂತಿದ್ದರು.

ಎಮರ್ಜೆನ್ಸಿಯಲ್ಲಿ ನರ್ಸ್ ಕೈಬೆರಳಿಗೆ ಸೂಜಿ ಚುಚ್ಚಿ, ಮಿಷನ್ ನೋಡಿ, ಮತ್ತೊಂದು ಬೆರಳಿಗೆ ಚುಚ್ಚಿದರು.

"ನಾನೂರ ಹನ್ನೆರಡು. ಶುಗರ್ ಯಾವಾಗಿಂದ ಇದೆ ಮೇಡಂ?"

"ನನಗೆ ಶುಗರ್ ಇಲ್ಲ. ನಾನು ಮ್ಯಾರಥಾನ್ ಓಡ್ತೀನಿ."

ಎಂಥ ಮಾತು! ಈಗ ನೆನೆದರೆ ನಾಚಿಕೆಯಾಗುತ್ತದೆ. ಸಿಂಧು ಹೊಟ್ಟೆಯಲ್ಲಿದ್ದಾಗ ಶುಗರ್ ಬಂದು, ಹೆರಿಗೆಯಾದ ಮೇಲೆ ಹೋಗಿತ್ತು. ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸುತ್ತಿರಿ ಅಂತ ಆ ಡಾಕ್ಟರು ಹೇಳಿದ್ದರು. ನಾನು ಮರೆತೆ. ಈ ವರ್ಷ ಮೈ ಇಳಿದಾಗ ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ. ಬಾಯಾರಿದರೆ ಓಟದ ದಾಹ ಅಂದುಕೊಂಡೆ. ಅಂಗಾಲು ಹತ್ತಿಯ ಮೇಲೆ ಇಟ್ಟ ಹಾಗೆ ಅನ್ನಿಸಿದರೆ ಶೂ ಮೆತ್ತಗಿದೆ ಅಂದುಕೊಂಡೆ. ಅಂಗಡಿಯಲ್ಲಿ ಬೆರಳು ತಾಗುತ್ತಿದೆಯಾ ಅಂತ ಕೇಳಿದಾಗ ಇಲ್ಲ ಅಂದಿದ್ದೆ. ಅದು ಸುಳ್ಳಲ್ಲ. ತಾಗಿದ್ದು ನನಗೆ ಗೊತ್ತಾಗಿರಲಿಲ್ಲ.

ಕಾಲುಂಗುರ ಕತ್ತರಿಸಬೇಕಾಯಿತು. ಅತ್ತೆ ಗೋಡೆಯ ಕಡೆ ತಿರುಗಿ ನಿಂತರು.

ಆಮೇಲೆ ಸರ್ಜನ್ ಬಂದರು. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಅವರ ಕೈಯಲ್ಲಿ ಪ್ಲಾಸ್ಟಿಕ್ ದಾರದ ಒಂದು ತುಂಡು.

"ಕಣ್ಣು ಮುಚ್ಕೊಳಿ ಆಂಟಿ. ಇದು ಪಾದಕ್ಕೆ ತಾಗಿದಾಗೆಲ್ಲ 'ಹೂಂ' ಅನ್ನಿ."

ಕಣ್ಣು ಮುಚ್ಚಿ ಕಾದೆ. ಎಷ್ಟು ಹೊತ್ತಾದರೂ ಅವರು ಶುರುಮಾಡಲಿಲ್ಲ.

"ಶುರು ಮಾಡಿ ಡಾಕ್ಟ್ರೇ" ಅಂದೆ.

"ಆಯ್ತು ಆಂಟಿ. ಹತ್ತು ಜಾಗದಲ್ಲಿ ಮುಟ್ಟಿದೆ."

ಕಣ್ಣು ತೆರೆದೆ. ನಮ್ಮೆಜಮಾನರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದರು. ಅವರು ಹತ್ತು ಸಲವೂ ನೋಡಿದ್ದರು.

ಇನ್ಫೆಕ್ಷನ್ ಮೂಳೆಗೆ ಇಳಿದಿದೆ, ತಡಮಾಡಿದರೆ ಬೆರಳು, ಇನ್ನೂ ತಡಮಾಡಿದರೆ ಪಾದ ಅಂದರು. ಮರುದಿನ ಎರಡನೇ ಬೆರಳಿನ ತುದಿ, ಉಗುರಿನ ಸಮೇತ, ತೆಗೆದರು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ದಿನಾ ಡ್ರೆಸ್ಸಿಂಗ್, ಇನ್ಸುಲಿನ್. ಡ್ರೆಸ್ಸಿಂಗ್ ಮಾಡುವಾಗ ಪಕ್ಕದ ಬೆಡ್ಡಿನವರು ಕಿರುಚುತ್ತಿದ್ದರು. ನಾನು ಸುಮ್ಮನೆ ಸೀಲಿಂಗ್ ನೋಡುತ್ತಿದ್ದೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಡಿಸ್ಚಾರ್ಜ್ ದಿನ ಸರ್ಜನ್ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. "ಬರಿಗಾಲಲ್ಲಿ ಒಂದು ಹೆಜ್ಜೆನೂ ಬೇಡ. ಮನೆ ಒಳಗೂ ಬೇಡ, ಅಡುಗೆಮನೇಲೂ ಬೇಡ. ಗಾಜಿನ ಚೂರು ಚುಚ್ಚಿದ್ರೂ ನಿಮಗೆ ಗೊತ್ತಾಗಲ್ಲ. ಇನ್ನೊಂದು ಗಾಯ ಆದ್ರೆ ಕಾಲು ಉಳಿಸ್ತೀನಿ ಅಂತ ನಾನು ಮಾತು ಕೊಡಕ್ಕಾಗಲ್ಲ."

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನೆಲ ನೋಡುತ್ತಿದ್ದರು.

ದಾರಿಯುದ್ದಕ್ಕೂ ಅದೇ ಯೋಚನೆ. ಕಾಲು ಹೋಗುತ್ತದೋ ಎನ್ನುವ ಭಯ ಒಂದು ಕಡೆ, ಚಪ್ಪಲಿ ಹಾಕಿಕೊಂಡು ಅತ್ತೆಯ ಹೊಸ್ತಿಲು ಹೇಗೆ ದಾಟಲಿ ಎನ್ನುವ ಭಯ ಇನ್ನೊಂದು ಕಡೆ. ಎರಡರಲ್ಲಿ ಯಾವುದು ದೊಡ್ಡದಿತ್ತೆಂದು ನಿಜ ಹೇಳಿದರೆ ನೀವು ನಗುತ್ತೀರಿ. ಮನೆ ಬಂತು. ವರಾಂಡದ ಕುರ್ಚಿಯಲ್ಲಿ ಕೂತು, ಅಭ್ಯಾಸಬಲದಿಂದ, ಆಸ್ಪತ್ರೆಯ ಸ್ಯಾಂಡಲ್ಲಿನ ಪಟ್ಟಿಗೆ ಕೈ ಹಾಕಿದೆ.

"ಬಿಚ್ಬೇಡ" ಅಂದರು ಅತ್ತೆ.

ಒಳಗೆ ಹೋಗಿ ಒದ್ದೆ ಬಟ್ಟೆ ತಂದರು. ಮಂಡಿನೋವಿನವರು, ಮೆಲ್ಲಗೆ ನೆಲಕ್ಕೆ ಕೂತು ನನ್ನ ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡರು. ಸ್ಯಾಂಡಲ್ಲಿನ ತಳ ಒರೆಸತೊಡಗಿದರು.

"ಅತ್ತೆ, ಬೇಡ. ನೀವು ನನ್ನ ಚಪ್ಪಲಿ ಮುಟ್ಟೋದಾ?"

"ಸುಮ್ನಿರು." ಮೂಗು ಒರೆಸಿಕೊಂಡರು. "ಮನೇಲಿ ಶೂ ಹಾಕ್ಕೋಬೇಕಿತ್ತಂತೆ, ಸಿಂಧು ಹೇಳಿದ್ಲು. ನನ್ನನ್ನ ಒಂದ್ ಮಾತು ಕೇಳಕ್ಕೆ ಏನಾಗಿತ್ತೇ ನಿಂಗೆ? ಅಷ್ಟು ಕೆಟ್ಟೋಳಾ ನಾನು?"

ನಾನು ಅತ್ತುಬಿಟ್ಟೆ.

"ಏಳು. ಬಲಗಾಲಿಟ್ಟು ಬಾ" ಅಂದರು. ಇಪ್ಪತ್ತೆರಡು ವರ್ಷದ ಹಿಂದೆ, ಮದುವೆಯಾಗಿ ಬಂದ ದಿನ, ಇದೇ ಬಾಗಿಲಲ್ಲಿ ಇದೇ ಮಾತು ಹೇಳಿದ್ದರು.

ಇದೆಲ್ಲ ಆಗಿ ನಾಲ್ಕು ತಿಂಗಳು. ಗಾಯ ಮಾಗಿದೆ. ಶುಗರ್ ಹತೋಟಿಗೆ ಬರುತ್ತಿದೆ, ಪೂರ್ತಿ ಬಂದಿಲ್ಲ. ಅಂಗಾಲಿನ ಸ್ಪರ್ಶ ವಾಪಸ್ ಬರುತ್ತದೆಂದು ಯಾರೂ ಹೇಳಿಲ್ಲ. ಓಟದ ಮಾತು ಸದ್ಯಕ್ಕೆ ಬೇಡ, ನಡೆಯಬಹುದು ಅಂದಿದ್ದಾರೆ ಡಾಕ್ಟರು. ಅದಕ್ಕೆಂದು ಹೊಸ ಶೂ ಬಂದಿದೆ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ ಅಳತೆ ಕೊಟ್ಟು ತಂದದ್ದು. ಮುಂದೆ ಹೆಬ್ಬೆರಳಿನಗಲ ಜಾಗವಿದೆ. ಪ್ರಕಾಶ್ ಸಾರ್‌ಗೆ ಫೋನ್ ಮಾಡಿ ಸುಳ್ಳನ್ನೂ ಒಪ್ಪಿಕೊಂಡೆ.

ಈಗ ದಿನಾ ಸಂಜೆ ಅರ್ಧ ಗಂಟೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ, ಹೊಸ ಶೂನಲ್ಲಿ ನಡೆಯುತ್ತೇನೆ. ಅತ್ತೆ ಗಡಿಯಾರ ನೋಡುತ್ತಾ ಕೂತಿರುತ್ತಾರೆ. ದೇವರ ಮನೆಯ ಮುಂದೆ ಮಾತ್ರ ಸುತ್ತು ಹಾಕಿಕೊಂಡು ಹೋಗಬೇಕು, ಅಷ್ಟು ಮರ್ಯಾದೆ ಲಕ್ಷ್ಮಿಗೆ. ಮುಗಿದ ಮೇಲೆ ಕನ್ನಡಕ ಹಾಕಿಕೊಂಡು, ಅಕ್ಕಿ ಆರಿಸುವ ಹಾಗೆ, ನನ್ನ ಪಾದವನ್ನು ಬೆರಳುಬೆರಳಾಗಿ ನೋಡುತ್ತಾರೆ.

ನಿನ್ನೆ ಹಿಮ್ಮಡಿಯ ಹತ್ತಿರ ಅವರ ಕೈ ನಿಂತಿತು.

"ಇಲ್ಲಿ ಕೆಂಪಗಾಗಿದೆ ಕಣೆ. ನೋಯ್ತಾ ಇದ್ಯಾ?"

"ಗೊತ್ತಾಗ್ತಿಲ್ಲ ಅತ್ತೆ."

"ಹೋಗ್ಲಿ ಬಿಡು, ನಂಗೆ ಕಾಣ್ತಿದ್ಯಲ್ಲ" ಅಂದರು. "ನಾಳೆ ಕಾಲು ಗಂಟೆ ಸಾಕು."