ಬೆಳ್ಯಪ್ಪಣ್ಣ ಬಿಳಿ ಬಳಿದ ಬೋರ್ಡು

ಬೆಳ್ಯಪ್ಪಣ್ಣನ ಬಲಗೈ ತೋರುಬೆರಳು ಸುಮ್ಮನಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಬಸ್ಸಿನಲ್ಲಿ ಕೂತರೆ ತೊಡೆಯ ಮೇಲೆ, ಹೋಟೆಲಿನಲ್ಲಾದರೆ ಮೇಜಿನ ಮೇಲೆ ಅದು ಅಕ್ಷರ ತಿದ್ದುತ್ತಲೇ ಇರುತ್ತಿತ್ತು. ಅಮ್ಮತ್ತಿ ಸುತ್ತಿನ ಎಷ್ಟೋ ಕಾಫಿ ಎಸ್ಟೇಟುಗಳ ಗೇಟಿನ ಬೋರ್ಡು ಅವರ ಕೈಬರಹ. ಫ್ಲೆಕ್ಸ್ ಬಂದ ಮೇಲೂ ಕೈಬರಹವೇ ಬೇಕೆನ್ನುವವರು ಕೆಲವರಿದ್ದರು, ಹಾಗಾಗಿ ಅವರ ಕುಂಚ ಒಣಗಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸಾಲದ್ದಕ್ಕೆ ಕವಿ ಎಂಬ ಹೆಸರು ಬೇರೆ. ಬೋರ್ಡಿಗೆ ಮಾತು ಹೊಂದಿಸಿಕೊಡುವುದು ನಾನು, ಬರೆಯುವುದು ಅವರು. ನನ್ನ ಕವಿಗೋಷ್ಠಿಗಳಿಗೂ ತಪ್ಪದೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಒಮ್ಮೆ ನ್ಯಾಯದ ಮೇಲಿನ ಕವಿತೆಗೆ ಚಪ್ಪಾಳೆ ಗಿಟ್ಟಿಸಿ ಉಬ್ಬಿಕೊಂಡು ಬಂದರೆ, "ಚಂದ ಉಂಟು ಮೇಷ್ಟ್ರೇ. ಆದ್ರೆ ಯಾರಿಗೆ ಹೇಳಿದ್ದು ಅಂತ ಗೊತ್ತಾಗ್ಲಿಲ್ಲ. ಬೋರ್ಡಾದ್ರೆ ಯಾರ ಗೇಟು ಅಂತಾದ್ರೂ ಗೊತ್ತಾಗ್ತದೆ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಎಸ್ಟೇಟಿನ ಮಾಲೀಕರೊಬ್ಬರು ತೋಟದೊಳಗಿನ ಕಾಲುದಾರಿಗೆ ಬೋರ್ಡು ಬೇಕೆಂದರು. ಲೈನಿನ, ಎಂದರೆ ತೋಟದ ಸಾಲುಮನೆಗಳ, ಕೆಲಸದವರು ತಲೆಮಾರುಗಳಿಂದ ಮಸಣಕ್ಕೆ ಹೆಣ ಹೊತ್ತು ಹೋಗುತ್ತಿದ್ದ ದಾರಿ ಅದು. ನಮ್ಮಿಬ್ಬರಿಗೂ ಗೊತ್ತಿತ್ತು. 'ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ. ತಪ್ಪಿದರೆ ಕಾನೂನು ಕ್ರಮ' ಎಂದು ಬರೆದುಕೊಟ್ಟೆ. ಬೆಳ್ಯಪ್ಪಣ್ಣ ಸರ್ಕಾರಿ ಬೋರ್ಡಿನಂತೆಯೇ ಹಳದಿ ಬಳಿದು ಕಪ್ಪಿನಲ್ಲಿ ದುಂಡಗೆ ಬರೆದರು. ನೋಡುವುದಕ್ಕೆ ಗತ್ತಿರಲಿ ಎಂದು ಅವರೇ ಹಾಗೆ ಮಾಡಿದ್ದು, ಯಾರೂ ಹೇಳಿರಲಿಲ್ಲ.

ತಿಂಗಳೊಳಗೆ ಲೈನಿನಲ್ಲಿ ಬೊಳ್ಳಿ ಎಂಬ ಮುದುಕಿ ತೀರಿಕೊಂಡಳು. ಹೆಣ ಹೊತ್ತವರು ಬೋರ್ಡಿನ ಮುಂದೆ ನಿಂತುಬಿಟ್ಟರಂತೆ. ಬೋರ್ಡು ಮಾಲೀಕರದ್ದು ಎಂದು ಗೊತ್ತಾಗಿದ್ದರೆ ಹೋಗಿ ಕೇಳುತ್ತಿದ್ದರೋ ಏನೋ. ಸರ್ಕಾರದ್ದೆಂದುಕೊಂಡು ಹಿಂದಕ್ಕೆ ತಿರುಗಿ, ಡಾಂಬರು ರಸ್ತೆ ಸುತ್ತಿ, ಮಳೆಯಲ್ಲೇ ಹೊತ್ತುಕೊಂಡು ಹೋದರು.

ಮರುದಿನ ಬೆಳ್ಯಪ್ಪಣ್ಣ ಶಾಲೆಗೇ ಬಂದರು. "ನನ್ನ ಅಕ್ಷರ ನೋಡಿ ಹೆದರಿದ್ರು ಮೇಷ್ಟ್ರೇ. ಇಷ್ಟು ವರ್ಷ ದುಂಡಗೆ ಬರೆದದ್ದು ಇದಕ್ಕಾ?" ಕುರ್ಚಿ ಕೊಟ್ಟರೂ ಕೂರಲಿಲ್ಲ. ಹಾಡಹಗಲೇ ಹೋಗಿ ಬೋರ್ಡಿಗೆ ಬಿಳಿ ಬಳಿದು ಬಂದರು. ಮಾಲೀಕರು ದೂರು ಕೊಟ್ಟಾಗ ಸ್ಟೇಷನ್ನಿನಲ್ಲಿ, "ನಾನೇ ಬರೆದದ್ದು, ನಾನೇ ಅಳಿಸಿದ್ದು" ಎಂದಷ್ಟೇ ಹೇಳಿದರಂತೆ. ವಾರದೊಳಗೆ ಅದೇ ಜಾಗದಲ್ಲಿ ನನ್ನ ಅದೇ ಮಾತು ಫ್ಲೆಕ್ಸಿನಲ್ಲಿ ನಿಂತಿತು.

ದಾರಿ ಬಿಡಿಸಿಕೊಡಿ ಎಂದು ತಾಲೂಕು ಕಚೇರಿಗೆ ಅರ್ಜಿ ಬರೆಯಲು ಬೆಳ್ಯಪ್ಪಣ್ಣ ನನಗೇ ಹೇಳಿದರು. ಮಾನವೀಯತೆ, ಘನತೆ ಎಂದೆಲ್ಲ ಮೂರು ಪುಟ ತುಂಬಿಸಿ ಓದಿ ಹೇಳಿದೆ. ಅವರ ಬೆರಳು ಮೊಣಕಾಲಿನ ಮೇಲೆ ಒಂದೇ ಸಮನೆ ಆಡುತ್ತಿತ್ತು. "ಎಲ್ಲ ಉಂಟು. ನಾವಿಬ್ರು ಮಾಡಿದ್ದು ಎಲ್ಲುಂಟು?" ಎಂದರು. ಮಾಲೀಕರು ನಮ್ಮ ಶಾಲೆಯ ಸಮಿತಿಯಲ್ಲಿದ್ದರು, ನನಗೆ ಹೆದರಿಕೆ. "ಇನ್ನೊಂದ್ಸಲ ತಿದ್ದಿ ಕೊಡ್ತೇನೆ ಬೆಳ್ಯಪ್ಪಣ್ಣ" ಎಂದೆ. ಅದೇ ಕೊನೆಯ ಮಾತು. ನಾನು ತಿದ್ದುತ್ತಲೇ ಇದ್ದೆ, ಅವರು ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಅವರ ಮನೆಯಂಗಳದ ಚಾಪೆಯ ಮೇಲೆ ಆ ಬೆರಳು ಸುಮ್ಮನಿತ್ತು. ಲೈನಿನವರು ಡಾಂಬರು ರಸ್ತೆ ಸುತ್ತಿಕೊಂಡು ಅವರನ್ನು ನೋಡಲು ಬಂದಿದ್ದರು. ನನಗೆ ಆ ಲೈನಿನವರ ಮುಖ ನೋಡಲಾಗದಷ್ಟು ನಾಚಿಕೆಯಾಯಿತು. ಮನೆಗೆ ಬಂದು ಮೂರೂ ಪುಟ ಹರಿದು ಹಾಕಿದೆ. ಮರುದಿನ ಬೆಳಿಗ್ಗೆ ತಾಲೂಕು ಕಚೇರಿಗೆಂದು ಹತ್ತಿದ ವಿರಾಜಪೇಟೆಯ ಬಸ್ಸಿನಲ್ಲಿ ನನ್ನ ಜೇಬಿನಲ್ಲಿದ್ದದ್ದು ಒಂದೇ ಹಾಳೆ: 'ಅಲ್ಲಿ ದಾರಿ ಇತ್ತು. ಅದು ಗೊತ್ತಿದ್ದೂ ಬೋರ್ಡಿನ ಮಾತು ಬರೆದುಕೊಟ್ಟವನು ನಾನು.' ಕೆಳಗೆ ನನ್ನ ಸಹಿ. ದಾರಿಯುದ್ದಕ್ಕೂ ನನ್ನ ಬೆರಳು ತೊಡೆಯ ಮೇಲೆ ಅದನ್ನೇ ಬರೆಯುತ್ತಿತ್ತು.