ಖಾಲಿ ಡಬ್ಬಿಗಳು ಇಳಿದ ದಿನ

ರಾಣೆಬೆನ್ನೂರಿನ ಬಟ್ಟೆ ಬಜಾರಿನಲ್ಲಿ ಒಂದು ಉದ್ದನೆಯ ಹಂಚಿನ ಕಟ್ಟಡವಿತ್ತು. ಒಂದೇ ಸೂರಿನ ಕೆಳಗೆ ಎಂಟು ಅಂಗಡಿ. ಏಳು ಬಟ್ಟೆಯವು, ಕೊನೆಯದು ನನ್ನ ಹೊಲಿಗೆ ಅಂಗಡಿ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಬ್ಯಾಡಗಿಯಿಂದ ಮದುವೆಯಾಗಿ ಬಂದವಳು, ಕಾಲಲ್ಲಿ ತುಳಿಯುವ ಮಷಿನ್ ಓಡಿಸಿ ಓಡಿಸಿ ಮೊಣಕಾಲು ಹಿಡಿದುಕೊಂಡು ಕೂತೆ. ಡಾಕ್ಟರು ಇನ್ನು ತುಳಿಯಲೇಬಾರದು ಎಂದರು. ಆಗ ಮಷಿನ್ನಿಗೆ ಮುಷ್ಟಿಯಷ್ಟು ದೊಡ್ಡ ಕರೆಂಟಿನ ಮೋಟಾರು ಹಾಕಿಸಿದೆ. ದಿನಕ್ಕೆ ಮೂರು ರವಿಕೆ ಹೊಲಿಯುತ್ತಿದ್ದವಳು ಎಂಟು ಹೊಲಿಯತೊಡಗಿದೆ. ಆ ಮೋಟಾರಿನ ಮೇಲೆ ನನಗೆ ಎಷ್ಟು ಪ್ರೀತಿ ಎಂದರೆ, ಪ್ರತಿ ಶುಕ್ರವಾರ ಅದಕ್ಕೂ ಕುಂಕುಮ ಹಚ್ಚುತ್ತಿದ್ದೆ.

ಆ ಬೇಸಿಗೆ, ಲಗ್ನದ ಸೀಜನ್ ಜೋರಾದಾಗ, ಕಟ್ಟಡದ ಫ್ಯೂಜು ಸುಡಲು ಶುರುವಾಯಿತು. ಎಂಟೂ ಅಂಗಡಿಗೆ ಬರುವುದು ಒಂದೇ ಲೈನು. ಬೆಳಿಗ್ಗೆ ಒಮ್ಮೆ ಸುಟ್ಟರೆ ಮಧ್ಯಾಹ್ನ ಮತ್ತೆರಡು ಸಲ. ಸುಟ್ಟಾಗಲೆಲ್ಲ ಏಳೂ ಅಂಗಡಿಯವರು ಬೀದಿಗೆ ಬಂದು ನಿಂತು ನನ್ನ ಬಾಗಿಲ ಕಡೆಗೇ ನೋಡುವರು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅಂತಾರಲ್ಲ, ಹಾಗೆ.

ಮೊದಲನೆಯ ಅಂಗಡಿಯ ಸಾಹುಕಾರರೇ ಇಡೀ ಕಟ್ಟಡದ ಮಾಲೀಕರು. ಬಿಳಿ ಧೋತರ, ಕರಿ ಟೋಪಿ, ಎಂದೂ ದನಿ ಏರಿಸದ ಮುದುಕರು. ಒಂದು ದಿನ ನನ್ನ ಅಂಗಡಿಯ ಮುಂದೆ ಬಂದು ನಿಂತರು.

"ತಂಗಿ, ನಿನ್ನ ಮೋಟಾರಿನಿಂದ ಎಲ್ಲಾರ ವ್ಯಾಪಾರ ಕೆಟ್ಟೈತಿ. ಬರೂ ಅಮಾಸಿ ಒಳಗ ಅದನ್ನ ತಗಸಿಬಿಡು. ಇಲ್ಲಾಂದ್ರ ಅಂಗಡಿ ಬಿಡು."

"ಸಾವ್ಕಾರ್ರ, ನಂದು ಒಂದ ಮೋಟಾರು. ನಿಮ್ಮ ಅಂಗಡ್ಯಾಗ ಹಾಡಹಗಲ ಆರು ಟ್ಯೂಬ್‌ಲೈಟ್ ಉರೀತಾವ. ಅವನ್ನ ಯಾರು ತಗಸಬೇಕು?"

"ಮತ್ತ ಸೀರಿ ಕತ್ತಲ್ಯಾಗ ತೋರಸ್ಲೇನು?" ಎಂದು ಹೊರಟೇಬಿಟ್ಟರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಮಾತ್ರ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಯಿತು. ಮೋಟಾರು ಹೋದರೆ ಮತ್ತೆ ತುಳಿಯಬೇಕು, ತುಳಿಯಲು ಮೊಣಕಾಲಿಲ್ಲ. ಅಂದರೆ ಅಂಗಡಿಯೂ ಇಲ್ಲ. ಅಮಾವಾಸ್ಯೆಗೆ ಹದಿನೆಂಟು ದಿನ ಉಳಿದಿತ್ತು.

ವಾರದ ರಜೆಯ ದಿನ ಏಳೂ ಅಂಗಡಿ ಮುಚ್ಚಿದ್ದವು. ನಾನೊಬ್ಬಳೇ ಬಾಗಿಲು ತೆಗೆದು, ನಮ್ಮ ಕಟ್ಟಡದ ಫ್ಯೂಜು ಕಟ್ಟುವ ವೈರ್‌ಮನ್‌ನನ್ನು ಕರೆದು ಸಾಕ್ಷಿಗೆ ಕೂರಿಸಿದೆ. ಬೆಳಗಿನಿಂದ ಸಂಜೆಯವರೆಗೆ ಮೋಟಾರು ಓಡಿಸಿದೆ. ಫ್ಯೂಜು ಜಪ್ಪಯ್ಯ ಅನ್ನಲಿಲ್ಲ.

"ಅಕ್ಕಾರ, ಇದು ಎರಡು ಟ್ಯೂಬ್‌ಲೈಟಿನಷ್ಟು ಕರೆಂಟು ಎಳೀತೈತಿ, ಅಷ್ಟ," ಎಂದ ಅವನು. "ಆ ಏಳು ಅಂಗಡಿ ಲೈಟು, ಫ್ಯಾನು ಎಲ್ಲಾ ಕೂಡಿ ಲೈನ್ ಸುಡಾಕತ್ತಾವ."

"ಹಂಗಾರ ಸಾವ್ಕಾರ್ರಿಗೆ ಹೇಳು."

"ನಾ ಹೇಳಿದ್ರ ನಾಳೆಯಿಂದ ನನ್ನ ಕರಿಯಂಗಿಲ್ಲರಿ."

ಬೆಕ್ಕಿನ ಕೊರಳಿಗೆ ಗಂಟೆ ನಾನೇ ಕಟ್ಟಬೇಕಾಯಿತು. ಮರುದಿನ ಹೊಲಿಯುತ್ತಲೇ ಬೀದಿಯ ಮೇಲೆ ಕಣ್ಣಿಟ್ಟೆ. ದೇವರಗುಡ್ಡದ ಕಡೆಯಿಂದ ಲಗ್ನದ ಜವಳಿಗೆ ಬಂದ ಹೆಣ್ಣುಮಕ್ಕಳು ಸಾಹುಕಾರರ ಆರು ಟ್ಯೂಬ್‌ಲೈಟಿನ ಕೆಳಗೆ ಹೊಸ ಸೀರೆಗಳ ಮಡಿಕೆ ಬಿಚ್ಚಿಸಿದರು. ಆಮೇಲೆ, "ತಡೀರಿ, ಹೊರಗ ಹಿಡದು ನೋಡ್ತೇವಿ" ಎಂದು ಆ ಸೀರೆಗಳನ್ನು ಎತ್ತಿಕೊಂಡು ಬೀದಿಗೇ ಬಂದರು. ಟ್ಯೂಬ್‌ಲೈಟಿನ ಬೆಳಕನ್ನು ನಂಬುವವರು ನಮ್ಮ ಕಡೆ ಯಾರೂ ಇರಲಿಲ್ಲ. ಹಾಗೆ ಹೊರಗೆ ಬಂದ ಒಂದೊಂದು ಸೀರೆಗೂ ನನ್ನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀರು ಎಳೆದೆ. ಸಂಜೆಗೆ ಗೋಡೆ ಬೆಳ್ಳಗಾಗಿತ್ತು.

ಆಗ ಅಪ್ಪ ನೆನಪಾದ. ಅವನು ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಬಣ್ಣ ನೋಡಿ ಕಾಯಿ ಬೇರೆ ಮಾಡುವವನು. ಅಲ್ಲಿ ಮಾಡಿನ ನಡುವೆ ಗಾಜಿನ ಹಂಚು ಹಾಕಿದ್ದರು. ಅದರ ಕೆಳಗೆ ಕಾಯಿ ಹರವಿ, "ಬಲ್ಬಿನ ಕೆಳಗ ಕಾಯಿ ನೋಡಿದಾವ ಮೋಸ ಹೋದ" ಎನ್ನುತ್ತಿದ್ದ. ಇಷ್ಟು ದಿನ ಇದು ನನಗೇಕೆ ಹೊಳೆಯಲಿಲ್ಲವೋ.

ಏಳೂ ಜನರನ್ನು ಕರೆದು ಗೋಡೆ ತೋರಿಸಿದೆ. "ನೀವು ಲೈಟು ಸುಡ್ತೀರಿ, ಗಿರಾಕಿ ಬಿಸಿಲಿಗೆ ಹೋಗ್ತಾರ. ಮಾಡಿಗೆ ಗಾಜಿನ ಹಂಚು ಹಾಕ್ಸೂಣು. ಬೆಳಕಿಂಡಿ ತಗಿಯೂಣು. ಬೆಳಕೂ ಬರ್ತೈತಿ, ಶೆಕೀನೂ ಹೋಗ್ತೈತಿ." ಅಂಗಡಿಗಳ ನಡುವಿನ ಗೋಡೆ ಮಾಡಿನ ತನಕ ಹೋಗಿರಲಿಲ್ಲ. ಒಬ್ಬರ ಬೆಳಕು ಪಕ್ಕದವರಿಗೂ ಬೀಳುವಂತಿತ್ತು. ಆದರೆ ಅಡ್ಡ ಇದ್ದದ್ದು ಅಟ್ಟದ ಮೇಲಿನ ಡಬ್ಬಿಗಳು. ಏಳೂ ಅಂಗಡಿಯವರು ಬೆಳಕಿಂಡಿ ಮುಚ್ಚುವಂತೆ, ಹಂಚಿಗೆ ತಾಗುವಂತೆ ರಟ್ಟಿನ ಡಬ್ಬಿ ಪೇರಿಸಿದ್ದರು. ಒಬ್ಬರು ಇಳಿಸದಿದ್ದರೂ ಅಕ್ಕಪಕ್ಕ ಕತ್ತಲೆಯೇ.

ಡಬ್ಬಿ ಅನ್ನುತ್ತಲೇ ಏಳೂ ಮುಖ ಸಪ್ಪಗಾದವು. "ಅದ್ರಾಗ ಮಾಲ್ ಐತಿ" ಎಂದರು ಒಬ್ಬರು. "ಎಲ್ಲಿ ಇಡೋದು?" ಎಂದರು ಇನ್ನೊಬ್ಬರು. ಸಾಹುಕಾರರು ಟೋಪಿ ಸರಿಮಾಡಿಕೊಂಡು ಎದ್ದು ಹೋದರು.

ವೈರ್‌ಮನ್ ನನ್ನ ಅಂಗಡಿಗೆ ಬಂದು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ. ವೈರಿಗಾಗಿ ಅಟ್ಟದ ಮೇಲೆಲ್ಲ ತೆವಳಿದವನು ಅವನೊಬ್ಬನೇ. "ಅಕ್ಕಾರ, ಎಲ್ಲಾ ಡಬ್ಬಿ ಖಾಲಿ. ಏಳೂ ಅಂಗಡ್ಯಾಗ. ಅಟ್ಟ ಖಾಲಿ ಕಂಡ್ರ ಬಜಾರಿನ್ಯಾಗ ಪತ ಹೋಗ್ತೈತಿ, ಯಾರೂ ಉದ್ರಿ ಮಾಲ್ ಕೊಡಂಗಿಲ್ಲ ಅಂತ ಪೇರಿಸ್ಯಾರ."

ಬೀದಿಯಲ್ಲಿ ನಿಂತು ಕೂಗಿಬಿಡಬೇಕು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಬಾಗಿಲವರೆಗೂ ಹೋಗಿದ್ದೆ. ಆದರೆ ಅವರ ಮಾನ ಕಳೆದರೆ ನನ್ನ ಮೋಟಾರು ಉಳಿಯುತ್ತದೆಯೇ? ತಿರುಗಿ ಬಂದು ನೀರು ಕುಡಿದೆ. ಆಮೇಲೆ ಸಾಹುಕಾರರ ಗಾದಿಯ ಬಳಿ ಹೋಗಿ ಮೆಲ್ಲಗೆ ಹೇಳಿದೆ:

"ರಜಾ ದಿನ, ಬೀದಿ ಬಾಗ್ಲ ಹಾಕ್ಕೊಂಡು, ಎಲ್ಲಾರೂ ಒಮ್ಮಿಗೇ ಇಳಸ್ರಿ. ಹೊರಗಿನವರು ಯಾರೂ ನೋಡಂಗಿಲ್ಲ. ನಾನೂ ಡಬ್ಬಿ ಮುಟ್ಟಂಗಿಲ್ಲ."

ಮುದುಕರು ನನ್ನ ಮುಖವನ್ನೇ ನೋಡಿದರು. ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಯಿತು. "ಆತು" ಎಂದರು.

ಮುಂದಿನ ರಜೆಯ ದಿನ ಮೇಡ್ಲೇರಿಯಿಂದ ಹಂಚು ಹೊದಿಸುವವನು ಬಂದ. ಗಾಜಿನ ಹಂಚು ಹಾವೇರಿಯಿಂದ ಬಂದವು. ಒಳಗೆ ಏಳೂ ಜನ ತಮ್ಮ ತಮ್ಮ ಅಟ್ಟ ಏರಿ, ಭಾರ ಹೊತ್ತವರ ಹಾಗೆ ಮುಕ್ಕರಿಯುತ್ತ ಡಬ್ಬಿ ಎತ್ತತೊಡಗಿದರು. ಗೋಡೆಯ ಮೇಲಿಂದ ಒಬ್ಬರಿಗೊಬ್ಬರು ಕಾಣುತ್ತಿದ್ದರು. ಅಷ್ಟರಲ್ಲಿ ಸಾಹುಕಾರರ ಕೈಯಿಂದ ಆಳೆತ್ತರದ ಒಂದು ಡಬ್ಬಿ ಜಾರಿ, ಗೋಡೆ ದಾಟಿ ಪಕ್ಕದವರ ತಲೆಯ ಮೇಲೆ ಬಿದ್ದು, ಪುಟಿದು ಕೆಳಗೆ ಹೋಯಿತು. ತಲೆಗೆ ಏನೂ ಆಗಲಿಲ್ಲ. ಪಕ್ಕದವರು ಡಬ್ಬಿ ನೋಡಿದರು, ಸಾಹುಕಾರರನ್ನು ನೋಡಿದರು, ತಮ್ಮ ಕೈಯಲ್ಲಿದ್ದ ಡಬ್ಬಿಯನ್ನು ಒಂದೇ ಬೆರಳಲ್ಲಿ ಎತ್ತಿ ತೋರಿಸಿದರು. ಅದರಾಚೆಯವರೂ ಎತ್ತಿದರು. ಕೊನೆಗೆ ಸಾಹುಕಾರರೇ, "ಎಲ್ಲಾರ ಮನಿ ದ್ವಾಸಿನೂ ತೂತ ಬಿಡ್ರಪಾ" ಎಂದರು. ಅಟ್ಟದ ಮೇಲೆ ಏಳು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕೆಳಗೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಬಿಸಿಲು ನೇರ ಬಿದ್ದರೆ ಸೀರೆಯ ಬಣ್ಣ ಹಾರುತ್ತದೆ ಎಂದು ಒಬ್ಬರು ತಕರಾರು ತೆಗೆದರು. ಹಂಚಿನವನು ಗಾಜಿಗೆ ಒಳಗಿನಿಂದ ತೆಳ್ಳಗೆ ಸುಣ್ಣ ಹಚ್ಚಿದ. ಬೆಳಕು ಹಾಲಿನ ಹಾಗೆ ಇಳಿಯಿತು. ತೆರೆದ ಬೆಳಕಿಂಡಿಯಿಂದ ಬಿಸಿಗಾಳಿ ಹೊರಗೆ ಹೋಗಿ, ಮಧ್ಯಾಹ್ನ ಅರ್ಧ ಫ್ಯಾನು ನಿಂತವು. ಟ್ಯೂಬ್‌ಲೈಟು ದೀಪ ಹಚ್ಚುವ ಹೊತ್ತಿಗಷ್ಟೇ ಉರಿಯತೊಡಗಿದವು. ಫ್ಯೂಜು ಸುಡುವುದು ನಿಂತಿತು. ಅಮಾವಾಸ್ಯೆ ಬಂತು, ಹೋಯಿತು. ನನ್ನ ಮೋಟಾರಿನ ಮಾತು ಯಾರೂ ಎತ್ತಲಿಲ್ಲ. ಆದರೆ ಇರಲಿ ಎಂದೂ ಯಾರೂ ಹೇಳಲಿಲ್ಲ, ಅದೊಂದು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಮುಂದಿನ ವಾರ ಒಂದು ದಿನ ಇಡೀ ಬಜಾರಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕರೆಂಟು ಹೋಯಿತು. ಪಕ್ಕದ ಓಣಿಯ ಅಂಗಡಿಗಳು ಕತ್ತಲಾಗಿ ಕೂತವು. ಅಲ್ಲಿಯ ಗಿರಾಕಿಗಳೆಲ್ಲ ನಮ್ಮ ಸೂರಿನ ಕೆಳಗೆ ಬಂದರು. ಅವತ್ತು ಒಂದು ಸೀರೆಯೂ ಬೀದಿಗೆ ಹೋಗಲಿಲ್ಲ. ನಾನು ಸೀಮೆಸುಣ್ಣ ಹಿಡಿದು ಕಾದೆ, ಗೋಡೆಯ ಮೇಲೆ ಒಂದು ಗೀರೂ ಬೀಳಲಿಲ್ಲ. ಎಂಥ ಸಂತೋಷ!

ಮಧ್ಯಾಹ್ನ ಕರೆಂಟು ಬಂದ ಮೇಲೆ ಸಾಹುಕಾರರು ಒಂದು ಗಂಟು ಹಿಡಿದು ಬಂದರು. ನನ್ನ ಮೇಜಿನ ಮೇಲೆ ಬಿಚ್ಚಿದರು. ಅವರ ಮೊಮ್ಮಗಳ ಲಗ್ನದ ರವಿಕೆಗಳಿಗೆಂದು ತಂದ ರೇಷ್ಮೆ ಖಣ.

"ಹನ್ನೊಂದು ಕುಪ್ಪಸ ಅದಾವ. ಲಗೂ ಬೇಕು, ತಂಗಿ."

"ಕಾಲಿಲೆ ತುಳದು ಹೊಲದ್ರ ತಿಂಗಳಾಕ್ಕೈತಿ, ಸಾವ್ಕಾರ್ರ," ಎಂದೆ, ಬೇಕಂತಲೇ.

ಅವರು ಬಗ್ಗಿ, ನನ್ನ ಮಷಿನ್ನಿನ ಸ್ವಿಚ್ಚನ್ನು ತಾವೇ ಒತ್ತಿದರು.